ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ? ಪರದೇಶದಲ್ಲಿ ಓದುವ ನಮ್ಮ ಮಕ್ಕಳು ಮತ್ತು ಅಲ್ಲಿಯ ಊಟ



ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ನಮ್ಮವರ ಮಗನೋ ಮಗಳೋ ಓದಲು ಪರದೇಶಕ್ಕೆ ಹೊರಟರೆ ಅದು ಊರಿಗೆಲ್ಲ ಸುದ್ದಿ. ಈಗ ಹಾಗಿಲ್ಲ. ಬಸದಿಯ ಅಂಗಳದಲ್ಲಿ ನಾಲ್ಕು ಜನ ಸೇರಿದರೆ ಒಬ್ಬರ ಮನೆಯಲ್ಲಾದರೂ ವೀಸಾದ ಮಾತಿರುತ್ತದೆ. ಹೋಗುವ ದೇಶಗಳೂ ಬದಲಾಗಿವೆ. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು. ಅದೇ ತಿಂಗಳಿಂದ ಬ್ರಿಟನ್, ಹೆಚ್ಚಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಕುಟುಂಬದವರನ್ನು ಜೊತೆಗೆ ಕರೆತರುವುದನ್ನು ನಿಲ್ಲಿಸಿತು. ಜರ್ಮನಿಯಲ್ಲಾದರೋ ಸರ್ಕಾರಿ ವಿಶ್ವವಿದ್ಯಾಲಯಗಳ ಪೈಕಿ ಬಹುಪಾಲು ಕಡೆ ಬೋಧನಾ ಶುಲ್ಕವೇ ಇಲ್ಲ. ಹೀಗಾಗಿ 2023-24ರ ಚಳಿಗಾಲದ ಅವಧಿಯಲ್ಲಿ ಅಲ್ಲಿ ಸುಮಾರು 49 ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು. ಅಲ್ಲಿಯ ವಿದೇಶಿ ವಿದ್ಯಾರ್ಥಿಗಳ ಪೈಕಿ ಭಾರತದವರದೇ ಮೊದಲ ಸ್ಥಾನ. ಅವರಲ್ಲಿ ನಮ್ಮ ಮಕ್ಕಳೂ ಇದ್ದಾರೆ.

ಸೀಟು, ಸಾಲ, ವೀಸಾ ಇವುಗಳ ಬಗ್ಗೆ ಹೇಳಿಕೊಡುವವರು ಬೇಕಾದಷ್ಟಿದ್ದಾರೆ. ಊಟದ ಬಗ್ಗೆ ಮಾತ್ರ ನಾವು ಎರಡೇ ಕೆಲಸ ಮಾಡುತ್ತೇವೆ: ಬುತ್ತಿ ಕಟ್ಟುತ್ತೇವೆ, ಹೆದರಿಸಿ ಕಳಿಸುತ್ತೇವೆ. ಇವೆರಡೂ ಸಾಲವು. ಅಲ್ಲಿಯ ಊಟದಲ್ಲಿ ನಮಗೆ ಸಲ್ಲುವುದು ಯಾವುದು ಎಂದು ಮೊದಲೇ ಕಲಿತು, ಅದನ್ನು ಸಂತೋಷದಿಂದ ಉಣ್ಣುವ ಮಗುವೇ ತನ್ನ ನಿಯಮವನ್ನು ಹೆಚ್ಚು ದಿನ ಉಳಿಸಿಕೊಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಜರ್ಮನಿಯ ಉದಾಹರಣೆಯೊಂದಿಗೆ ಇಲ್ಲಿ ಮುಂದಿಡುತ್ತೇನೆ.

ಬುತ್ತಿಯ ಲೆಕ್ಕ

'ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ' ಎಂದು ಹಿರಿಯರು ಹೇಳುತ್ತಿದ್ದರು. ವಿಮಾನದಲ್ಲಿ ಒಯ್ಯಲು ಸಿಗುವುದು ಒಂದೆರಡು ಪೆಟ್ಟಿಗೆ. ಅದರಲ್ಲಿ ಪುಸ್ತಕ, ಚಳಿಯ ಬಟ್ಟೆ, ಕುಕ್ಕರ್ ಎಲ್ಲ ಹೋಗಿ ಉಳಿದ ಜಾಗದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಖಾಕ್ರಾ, ಹಚ್ಚಿದ ಅವಲಕ್ಕಿ. ಎಷ್ಟು ಜಾಣತನದಿಂದ ತುಂಬಿದರೂ ಒಂದೂವರೆ ತಿಂಗಳಿಗೆ ಖಾಲಿ.

ಇನ್ನೊಂದು ವಿಷಯ ಅನೇಕ ತಾಯಂದಿರಿಗೆ ಗೊತ್ತಿಲ್ಲ. ಯುರೋಪ್ ಒಕ್ಕೂಟದ ಹೊರಗಿನ ದೇಶಗಳಿಂದ ಬರುವ ಪ್ರಯಾಣಿಕರು ಮಾಂಸ ಮಾತ್ರವಲ್ಲ, ಹಾಲಿನ ಪದಾರ್ಥಗಳನ್ನೂ ತರುವಂತಿಲ್ಲ. ಪ್ರೀತಿಯಿಂದ ಕಾಸಿ ತುಂಬಿಸಿದ ತುಪ್ಪದ ಡಬ್ಬ, ಖೋವಾದ ಪೇಡೆ ಕಸ್ಟಮ್ಸಿನಲ್ಲೇ ಉಳಿಯಬಹುದು. ಹಸಿ ಕರಿಬೇವು, ಹಸಿ ತರಕಾರಿಗಳನ್ನೂ ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಒಯ್ಯುವಂತಿಲ್ಲ.

ಹಣದ ಲೆಕ್ಕವನ್ನೂ ನೋಡಿ. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕಾದ ಮೊತ್ತ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992. ಬಾಡಿಗೆ, ವಿಮೆ, ಓಡಾಟ ಕಳೆದು ಉಳಿದದ್ದರಲ್ಲಿ ಊಟ. ದಿನವೂ ಭಾರತೀಯ ಹೋಟೆಲು ಆಗದ ಮಾತು. ಹೋದರೂ ಅಲ್ಲಿಯ ಗ್ರೇವಿ ಪೂರ್ತಿ ಈರುಳ್ಳಿ, ಬೆಳ್ಳುಳ್ಳಿ. ಭಾರತದ ಹೆಸರಿದ್ದ ಮಾತ್ರಕ್ಕೆ ಅದು ಜೈನ ಊಟ ಆಗುವುದಿಲ್ಲ.

ಬುತ್ತಿ ಮುಗಿದ ಮೇಲೆ ಏನಾಗುತ್ತದೆ?

ಸೇವಾ ಕೆಲಸದ ನೆಪದಲ್ಲಿ ಹೋಗಿ ಬಂದ ಮಕ್ಕಳೊಂದಿಗೆ ಮಾತಾಡಿದಾಗ ನನಗೆ ಕಂಡದ್ದು ಎರಡು ದಾರಿ. ಕೆಲವರು ಕೋಣೆಯ ಬಾಗಿಲು ಹಾಕಿಕೊಂಡು ಅನ್ನ-ಚಟ್ನಿಪುಡಿ, ಬಿಸಿನೀರು ಹಾಕುವ ನೂಡಲ್ಸ್ ಮೇಲೆ ವರ್ಷ ಕಳೆಯುತ್ತಾರೆ. ಸಹಪಾಠಿಗಳು ಊಟಕ್ಕೆ ಕರೆದರೆ 'ಹಸಿವಿಲ್ಲ' ಎನ್ನುತ್ತಾರೆ. ಮೂರನೆಯ ಸಲ ಯಾರೂ ಕರೆಯುವುದಿಲ್ಲ. ಇನ್ನು ಕೆಲವರು ಹೊಟ್ಟೆ ಹಸಿದು, ಕೇಳಲು ಸಂಕೋಚವಾಗಿ, ಎದುರಿಗೆ ಬಂದದ್ದನ್ನು ತಿಂದುಬಿಡುತ್ತಾರೆ. ಒಮ್ಮೆ ಮುರಿದ ಮೇಲೆ 'ಇನ್ನೇನು ಉಳಿಯಿತು' ಎಂದು ಎಲ್ಲವನ್ನೂ ಬಿಡುತ್ತಾರೆ. ಮೊದಲನೆಯವರು ದೇಶ ನೋಡದೆ ಬರುತ್ತಾರೆ, ಎರಡನೆಯವರು ನಿಯಮ ಕಳೆದುಕೊಂಡು ಬರುತ್ತಾರೆ. ಎರಡಕ್ಕೂ ಮೂಲ ಒಂದೇ, ಮಾಹಿತಿ ಇಲ್ಲದಿರುವುದು.

ನಮ್ಮ ಶ್ರಾವಕಾಚಾರ ಮದ್ಯ, ಮಾಂಸ, ಮಧುವನ್ನು ಬಿಡು ಎನ್ನುತ್ತದೆ. ಕಂದಮೂಲ ಬೇಡ, ರಾತ್ರಿ ಭೋಜನ ಬೇಡ ಎನ್ನುತ್ತದೆ. ಇವೆಲ್ಲ ಜೀವಹಿಂಸೆಯನ್ನು ತಗ್ಗಿಸಲು ಇರುವ ನಿಯಮಗಳು. ಪರದೇಶದ ಊಟ ಎಂಬ ಕಾರಣಕ್ಕೇ ಬಿಡು ಎಂದು ಎಲ್ಲಿಯೂ ಇಲ್ಲ. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಟೊಮೆಟೊ, ಮುಸುಕಿನ ಜೋಳ ಎಲ್ಲವೂ ಅಮೆರಿಕ ಖಂಡದಿಂದ ಕಡಲು ದಾಟಿ ಬಂದವೇ.

1888ರ ಒಬ್ಬ ವಿದ್ಯಾರ್ಥಿ

ಈ ಕಷ್ಟ ಹೊಸದಲ್ಲ. 1888ರ ಸೆಪ್ಟೆಂಬರ್ 4ರಂದು ಹದಿನೆಂಟು ವರ್ಷದ ಮೋಹನದಾಸ ಗಾಂಧಿ ಮುಂಬಯಿಯಲ್ಲಿ ಹಡಗು ಹತ್ತಿದರು. ಹೊರಡುವ ಮುಂಚೆ ತಾಯಿಯ ಎದುರು ಅವರಿಗೆ ಮದ್ಯ, ಮಾಂಸ, ಪರಸ್ತ್ರೀಯನ್ನು ಮುಟ್ಟುವುದಿಲ್ಲ ಎಂಬ ಪ್ರತಿಜ್ಞೆ ಬೋಧಿಸಿದವರು ಬೇಚರ್‌ಜಿ ಸ್ವಾಮಿ ಎಂಬ ಜೈನ ಮುನಿ. ಲಂಡನ್ನಿನಲ್ಲಿ ಮೊದಲ ದಿನಗಳು ಅರೆಹೊಟ್ಟೆಯವು. ಉಪ್ಪು ಖಾರವಿಲ್ಲದ ಬೇಯಿಸಿದ ಸೊಪ್ಪು, ಬ್ರೆಡ್ಡು, ಜಾಮ್. ಇನ್ನೂ ಎರಡು ತುಂಡು ಬ್ರೆಡ್ಡು ಬೇಕೆಂದು ಕೇಳಲು ನಾಚಿಕೆ. ಕೊನೆಗೆ ಮೈಲುಗಟ್ಟಲೆ ನಡೆದು ಹುಡುಕಿ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲು ಕಂಡುಕೊಂಡರು.

ನಮಗೆ ಮುಖ್ಯವಾದದ್ದು ಮುಂದಿನ ಭಾಗ. ಗಾಂಧೀಜಿ ಊರಿನಿಂದ ತರಿಸುತ್ತಿದ್ದ ಸಿಹಿ ಮತ್ತು ಮಸಾಲೆಯನ್ನು ಕ್ರಮೇಣ ನಿಲ್ಲಿಸಿದರು. ಮೊದಲು ಸಪ್ಪೆ ಎನಿಸಿದ್ದ ಅಲ್ಲಿಯ ಬೇಯಿಸಿದ ಸೊಪ್ಪೇ ರುಚಿಸತೊಡಗಿತು. ಅಲ್ಲಿಯ ಸಸ್ಯಾಹಾರಿಗಳ ಸಂಘ ಸೇರಿದರು, ಅದರ ಕಾರ್ಯಕಾರಿ ಸಮಿತಿಯಲ್ಲೂ ಇದ್ದರು. ಸಂಘ ನಡೆಸಲು ಕಲಿತದ್ದು ಅಲ್ಲಿಯೇ. ಮೊಟ್ಟೆ ಮಾಂಸವಲ್ಲ ಎಂದು ವಾದಿಸುವವರು ಆಗಲೂ ಇದ್ದರು. ಕೆಲ ದಿನ ಅದನ್ನು ತಿಂದು ನೋಡಿದರೂ, ಪ್ರತಿಜ್ಞೆ ಕೊಟ್ಟದ್ದು ತಾಯಿಗೆ, ಆದ್ದರಿಂದ ತಾಯಿ ಯಾವುದನ್ನು ಮಾಂಸ ಎನ್ನುತ್ತಾಳೋ ಅದೇ ಅರ್ಥ ಎಂದು ನಿರ್ಧರಿಸಿ ಬಿಟ್ಟರು. ಆಮೇಲೆ ಸಸ್ಯಾಹಾರಿ ಹೋಟೆಲಿನಲ್ಲೂ ಇದರಲ್ಲಿ ಮೊಟ್ಟೆ ಇದೆಯೇ ಎಂದು ಕೇಳಿಯೇ ಉಣ್ಣಬೇಕಾಯಿತು. ನಿಯಮ ಊರಿನದು, ಊಟ ಆ ದೇಶದ್ದು. ಎರಡೂ ಕೂಡಿ ನಡೆದವು.

ವೆಜಿಟೇರಿಯನ್ ಎಂದರೆ ಅಲ್ಲಿ ಬೇರೆ ಅರ್ಥ

ನಮ್ಮ ಮಕ್ಕಳು ಎಡವುವ ಮೊದಲ ಜಾಗ ಇದೇ. ಭಾರತದಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಮೊಟ್ಟೆ ಇಲ್ಲ ಎಂದರ್ಥ. ಯುರೋಪಿನಲ್ಲಿ 'ವೆಜಿಟೇರಿಯನ್' ಎಂದು ಬರೆದಿದ್ದರೂ ಮೊಟ್ಟೆ, ಜೇನು ಇರಬಹುದು. 'ವೀಗನ್' ಎಂದಿದ್ದರೆ ಮಾಂಸ, ಮೊಟ್ಟೆ, ಜೇನು, ಹಾಲು ಯಾವುದೂ ಇಲ್ಲ. ಆದ್ದರಿಂದ ನಾವು ಹಾಲು ಕುಡಿಯುವವರಾದರೂ ಅಂಗಡಿಯಲ್ಲಿ ವೀಗನ್ ಗುರುತಿನಿಂದ ಹುಡುಕಾಟ ಶುರುಮಾಡುವುದು ಸುಲಭ. ಆದರೆ ವೀಗನ್ ಪದಾರ್ಥದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಅಣಬೆ ಇರಬಹುದು ಎಂಬುದನ್ನು ಮರೆಯಬಾರದು.

ನಾನು ದಿನಸಿ ವ್ಯಾಪಾರಿ. ಪೊಟ್ಟಣದ ಹಿಂಬದಿ ಓದುವುದು ನಮ್ಮ ಕಸುಬು. ಯುರೋಪಿನಲ್ಲಿ ಪೊಟ್ಟಣದ ಆಹಾರಕ್ಕೆ ಪದಾರ್ಥಗಳ ಪಟ್ಟಿ ಕಡ್ಡಾಯ. 2014ರ ಡಿಸೆಂಬರಿನಿಂದ, ಅಲರ್ಜಿ ತರುವ 14 ಬಗೆಯ ಪದಾರ್ಥಗಳನ್ನು ಆ ಪಟ್ಟಿಯಲ್ಲಿ ಎದ್ದು ಕಾಣುವಂತೆ ಅಚ್ಚು ಹಾಕಬೇಕು. ಮೊಟ್ಟೆ, ಮೀನು, ಹಾಲು ಆ ಹದಿನಾಲ್ಕರಲ್ಲಿ ಸೇರಿವೆ. ಈರುಳ್ಳಿ, ಜೇನು, ಜೆಲಟಿನ್ ಸೇರಿಲ್ಲ. ಅವನ್ನು ಪಟ್ಟಿಯಲ್ಲಿ ನಾವೇ ಹುಡುಕಬೇಕು.

ಜರ್ಮನಿಗೆ ಹೋಗುವವರು ಈ ಪದಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಐ ಎಂದರೆ ಮೊಟ್ಟೆ, ಹೋನಿಗ್ ಎಂದರೆ ಜೇನು, ತ್ಸ್ವೀಬೆಲ್ ಈರುಳ್ಳಿ, ಕ್ನೋಬ್‌ಲೌಖ್ ಬೆಳ್ಳುಳ್ಳಿ, ಕಾರ್ಟೋಫೆಲ್ ಆಲೂಗಡ್ಡೆ. ಶ್ಮಾಲ್ಟ್ಸ್ ಸಾಮಾನ್ಯವಾಗಿ ಹಂದಿಯ ಕೊಬ್ಬು, ಶ್ಪೆಕ್ ಎಂದರೆ ಅದರ ಮಾಂಸ. ಲಾಬ್ ಎಂದರೆ ಚೀಸ್ ಮಾಡಲು ಹಾಲು ಒಡೆಸುವ ರೆನೆಟ್. ಇದು ಕರುವಿನ ಹೊಟ್ಟೆಯಿಂದ ತೆಗೆದದ್ದಾಗಿರಬಹುದು, ಪ್ರಾಣಿಮೂಲವಲ್ಲದ್ದೂ ಇದೆ. ಇ-120 ಎಂದಿದ್ದರೆ ಕೀಟದಿಂದ ತೆಗೆದ ಕೆಂಪು ಬಣ್ಣ. ಇ-904 ಎಂದರೆ ಅರಗು. ಮಿಠಾಯಿ, ಚಾಕೊಲೇಟ್ ಕೊಳ್ಳುವಾಗ ಇವೆರಡನ್ನೂ ನೋಡಿ.

ಮಧ್ಯಾಹ್ನದ ಬಿಸಿಯೂಟ, ಹೊತ್ತು ಮುಳುಗುವ ಮುನ್ನ ಬ್ರೆಡ್ಡು

ಜರ್ಮನ್ ವಿಶ್ವವಿದ್ಯಾಲಯಗಳ ಊಟದ ಮನೆಗೆ ಮೆನ್ಸಾ ಎನ್ನುತ್ತಾರೆ. ವಿದ್ಯಾರ್ಥಿಗಳಿಗೆ ರಿಯಾಯಿತಿ ದರ. ಪ್ರತಿ ತಿನಿಸಿನ ಎದುರು ಅದು ವೀಗನ್ನೋ ವೆಜಿಟೇರಿಯನ್ನೋ ಎಂಬ ಗುರುತು ಇರುತ್ತದೆ. ಬರ್ಲಿನ್ ನಗರದ ಮೆನ್ಸಾಗಳಲ್ಲಿ 2021ರ ಅಕ್ಟೋಬರಿನಿಂದ ಊಟದ ಪಟ್ಟಿಯ ಹೆಚ್ಚುಪಾಲು ವೀಗನ್ ಮತ್ತು ವೆಜಿಟೇರಿಯನ್ ಆಗಿದೆ. ಮಾಂಸ, ಮೀನು ತೀರ ಕಡಿಮೆ ಪಾಲಿಗೆ ಇಳಿದಿವೆ. ಇದನ್ನು ಕೇಳಿಕೊಂಡವರು ಅಲ್ಲಿಯ ವಿದ್ಯಾರ್ಥಿಗಳೇ.

ಆದರೂ ಈರುಳ್ಳಿ ಇಲ್ಲದ ಸಾರು, ಪಲ್ಯ ಅಲ್ಲಿ ಅಪರೂಪ. ಸೂಪಿಗೆ ಹಾಕುವ ತರಕಾರಿ ರಸದಲ್ಲೇ ಈರುಳ್ಳಿ, ಗಜ್ಜರಿ ಕುದಿದಿರುತ್ತವೆ. ಇದಕ್ಕೆ ಉಪಾಯವೆಂದರೆ ಮುಖ್ಯ ತಿನಿಸು ಬಿಟ್ಟು ಬದಿಯವನ್ನು ಕೂಡಿಸಿಕೊಳ್ಳುವುದು. ಅನ್ನ, ಪಾಸ್ತಾ, ಬೇಯಿಸಿದ ತರಕಾರಿ, ಸಲಾಡ್, ಹಣ್ಣು ಅನೇಕ ಮೆನ್ಸಾಗಳಲ್ಲಿ ಬಿಡಿಯಾಗಿ ಸಿಗುತ್ತವೆ. ಮನೆಯ ಚಟ್ನಿಪುಡಿಗೆ ಒಳ್ಳೆಯ ಕೆಲಸ ಇಲ್ಲಿದೆ. ಅಲ್ಲಿಯ ಊಟದ ಬದಿಗೆ ಒಂದು ಚಿಟಿಕೆ ಸಾಕು, ತಿಂಗಳಿಗೆ ಬರುವ ಡಬ್ಬ ಆರು ತಿಂಗಳಿಗೆ ಬರುತ್ತದೆ.

ರಾತ್ರಿ ಭೋಜನ ತ್ಯಾಗದ ಮಾತು. ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯಾಸ್ತ. ಜೂನಿನಲ್ಲಿ ರಾತ್ರಿ ಒಂಬತ್ತೂವರೆಯವರೆಗೆ ಬೆಳಕು. ನಮ್ಮ ಊರಿನ ಗಡಿಯಾರ ಹಿಡಿದು ಹೋದರೆ ಚಳಿಗಾಲದಲ್ಲಿ ಸೋಲು ಖಚಿತ. ಅಲ್ಲಿಯ ಪದ್ಧತಿ ಹಿಡಿದರೆ ದಾರಿ ಇದೆ. ಜರ್ಮನ್ನರ ಹಳೆಯ ರೂಢಿಯಲ್ಲಿ ಬಿಸಿಯೂಟ ಮಧ್ಯಾಹ್ನಕ್ಕೆ. ಸಂಜೆ ಬರೀ ಬ್ರೆಡ್ಡು, ಚೀಸ್, ಹಸಿ ತರಕಾರಿ ಮುಂತಾದ ತಣ್ಣಗಿನ ಊಟ. ಅದಕ್ಕೆ ಆಬೆಂಡ್‌ಬ್ರೋಟ್, ಸಂಜೆಯ ಬ್ರೆಡ್ಡು ಎಂದೇ ಹೆಸರು. ಮಧ್ಯಾಹ್ನ ಮೆನ್ಸಾದಲ್ಲಿ ಹೊಟ್ಟೆ ತುಂಬ ಉಂಡು, ಮೂರೂವರೆಯ ಬಿಡುವಿನಲ್ಲಿ ಚೀಲದಿಂದ ಬ್ರೆಡ್ಡು ತೆಗೆದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಬೇಸಗೆಯಲ್ಲಂತೂ ಕ್ಲಾಸು ಮುಗಿಸಿ, ಗೆಳೆಯರೊಂದಿಗೆ ಪಾರ್ಕಿನಲ್ಲಿ ಕೂತು ಹಗಲಿನಲ್ಲೇ ನಿಧಾನವಾಗಿ ಉಣ್ಣಬಹುದು. ದಶಲಕ್ಷಣ ಪರ್ವ ಬರುವ ಆಗಸ್ಟ್-ಸೆಪ್ಟೆಂಬರಿನಲ್ಲಿ ಸಾಮಾನ್ಯವಾಗಿ ಅಲ್ಲಿ ತರಗತಿಗಳು ನಡೆಯುವುದಿಲ್ಲ. ಮುಂದಿನ ಪಾಠ ಶುರುವಾಗುವುದು ಅಕ್ಟೋಬರಿಗೆ. ವ್ರತಕ್ಕೆ ಇದು ಅನುಕೂಲ.

ಅಲ್ಲಿಯ ಅಡುಗೆಯಲ್ಲಿ ನಮಗೆ ಸಲ್ಲುವವು

ಮೊದಲು ಬ್ರೆಡ್ಡು. ಜರ್ಮನಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಬಗೆಯ ಬ್ರೆಡ್ಡುಗಳನ್ನು ಅಲ್ಲಿಯ ಬ್ರೆಡ್ ಸಂಸ್ಥೆ ಪಟ್ಟಿ ಮಾಡಿದೆ. ರೈ ಎಂಬ ಧಾನ್ಯದ ಕಪ್ಪು ಬ್ರೆಡ್ಡು ಮೊದಲ ದಿನ ಹುಳಿ, ಗಟ್ಟಿ ಎನಿಸುತ್ತದೆ. ಜೋಳದ ರೊಟ್ಟಿ ತಿಂದು ಬೆಳೆದ ಬಾಯಿಗೆ ವಾರದಲ್ಲಿ ಹಿಡಿಸುತ್ತದೆ. ಆಲೂಗಡ್ಡೆ, ಈರುಳ್ಳಿ ಸೇರಿಸಿದ ಬ್ರೆಡ್ಡುಗಳೂ ಇವೆ. ಬ್ರೆಟ್ಸೆಲ್‌ಗೆ ಕೆಲವು ಬೇಕರಿಗಳು ಹಂದಿಯ ಕೊಬ್ಬು ಹಾಕುತ್ತವೆ. ಕೇಳಿ ಕೊಳ್ಳಬೇಕು. ಯೀಸ್ಟ್, ಹುಳಿಹಿಟ್ಟಿನ ಬಗ್ಗೆ ನಿಯಮವಿರುವ ಮನೆಯವರು ಚಪಾತಿ ಲಟ್ಟಿಸುವುದನ್ನು ಕಲಿತೇ ಹೋಗಬೇಕು.

ಕೋಲ್‌ರಾಬಿ ಎಂಬ ತರಕಾರಿ ಅಲ್ಲಿ ಎಲ್ಲ ಅಂಗಡಿಯಲ್ಲೂ ಉಂಟು. ಅದು ನಮ್ಮ ನವಿಲುಕೋಸೇ. ಕೆಲವೆಡೆ ಇದನ್ನು ಗೆಡ್ಡೆಕೋಸು ಎನ್ನುವುದರಿಂದ ಮಕ್ಕಳು ಕಂದಮೂಲ ಎಂದು ಹೆದರುತ್ತಾರೆ. ಅದು ಮಣ್ಣಿನ ಮೇಲೆ ಉಬ್ಬುವ ಕಾಂಡ, ಗೆಡ್ಡೆಯಲ್ಲ. ಅಲ್ಲಿಯವರು ಹಸಿಯಾಗಿ ಹೆಚ್ಚಿ ಉಪ್ಪು ಹಾಕಿ ತಿನ್ನುತ್ತಾರೆ, ಹಾಲಿನ ಗೊಜ್ಜಿನಲ್ಲಿ ಬೇಯಿಸುತ್ತಾರೆ. ಎಲೆಕೋಸು, ಬೀನ್ಸ್, ಬಟಾಣಿ, ಶರತ್ಕಾಲದ ಕುಂಬಳ, ಚಳಿಗಾಲದ ಕೇಲ್ ಸೊಪ್ಪು ಇವೆಲ್ಲ ಅಗ್ಗ. ಏಪ್ರಿಲ್‌ನಿಂದ ಜೂನ್ 24ರವರೆಗೆ ದೇಶವೆಲ್ಲ ಶ್ಪಾರ್ಗೆಲ್ ಎಂಬ ಬಿಳಿ ಶತಾವರಿ ಚಿಗುರಿನ ಸಂಭ್ರಮ. ಮಣ್ಣು ಏರಿಸಿ, ಬಿಸಿಲು ತಾಗದಂತೆ ಬೆಳೆಸಿದ ಚಿಗುರು ಅದು. ಎಳೆಯ ಚಿಗುರನ್ನೂ ಬಿಡುವ ಮನೆಗಳಿವೆ. ಅಂಥವರು ಹೋಗುವ ಮುನ್ನವೇ ಮುನಿಗಳನ್ನು, ಹಿರಿಯರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಸಿಹಿಯಲ್ಲಿ ಮಿಲ್ಶ್‌ರೈಸ್ ಎಂದರೆ ಹಾಲಿನಲ್ಲಿ ಬೇಯಿಸಿದ ಅಕ್ಕಿ, ಮೇಲೆ ಸಕ್ಕರೆ, ದಾಲ್ಚಿನ್ನಿ ಪುಡಿ. ಗ್ರೀಸ್‌ಬ್ರೈ ಎಂದರೆ ರವೆಯ ಪಾಯಸ. ಉತ್ತರ ಜರ್ಮನಿಯ ರೋಟೆ ಗ್ರ್ಯುಟ್ಸೆ ಎಂಬುದು ಕೆಂಪು ಹಣ್ಣುಗಳನ್ನು ಗಂಜಿಯಂತೆ ಪಿಷ್ಟ ಹಾಕಿ ಗಟ್ಟಿ ಮಾಡಿದ್ದು. ಮೇಲೆ ಸುರಿಯುವ ವೆನಿಲಾ ಸಾಸಿನಲ್ಲಿ ಮೊಟ್ಟೆ ಇದೆಯೇ ನೋಡಬೇಕು. ಡಿಸೆಂಬರಿನ ಕ್ರಿಸ್‌ಮಸ್ ಸಂತೆಯಲ್ಲಿ ಸುಟ್ಟ ಚೆಸ್ಟ್‌ನಟ್, ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ ಸಿಗುತ್ತವೆ. ಹೊತ್ತು ಮುಳುಗುವ ಮುಂಚೆ ಹೋಗಿ ಗೆಳೆಯರ ಜೊತೆ ತಿನ್ನಬಹುದು. ಬಿಸಿ ದ್ರಾಕ್ಷಾರಸವೆಂದು ಮಾರುವ ಗ್ಲ್ಯೂವೈನ್ ಮದ್ಯ. ಮಕ್ಕಳಿಗೆಂದು ಮಾಡುವ ಕಿಂಡರ್‌ಪುನ್ಶ್ ಮದ್ಯವಲ್ಲ.

ತುರ್ಕರ ದಿನಸಿ ಅಂಗಡಿಗಳು ಜರ್ಮನಿಯ ಎಲ್ಲ ದೊಡ್ಡ ಊರುಗಳಲ್ಲಿವೆ. ಬದನೆ, ಬೆಂಡೆ, ಮಸೂರ ಬೇಳೆ, ಕಡಲೆ, ನಮ್ಮ ಗೋಧಿ ನುಚ್ಚಿನಂಥ ಬುಲ್ಗರ್ ಅಲ್ಲಿ ಸಿಗುತ್ತವೆ. ವ್ಯಾಪಾರಿಯಾಗಿ ಹೇಳುತ್ತೇನೆ, ಹೊಸ ಊರಿನಲ್ಲಿ ಒಬ್ಬ ಅಂಗಡಿಯವನ ಪರಿಚಯ ಮಾಡಿಕೊಂಡರೆ ಅರ್ಧ ಕಷ್ಟ ಕಳೆಯಿತು.

ರಜೆಯ ತಿರುಗಾಟದಲ್ಲಿ

ಅಲ್ಲಿ ಓದುವ ಮಕ್ಕಳು ರಜೆ ಬಂದರೆ ಬಸ್ಸು, ರೈಲು ಹಿಡಿದು ನೆರೆಯ ದೇಶ ನೋಡುತ್ತಾರೆ. ಇಟಲಿಯ ಜಿನೋವಾದಲ್ಲಿ ಫರಿನಾತಾ ಎಂಬ ತಿಂಡಿ ಇದೆ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಇಷ್ಟೇ ಕಲಸಿ ಒಲೆಯಲ್ಲಿ ಸುಟ್ಟ ದೋಸೆ. ಫ್ರಾನ್ಸಿನ ನೀಸ್‌ನಲ್ಲಿ ಇದೇ ಸೊಕ್ಕಾ. ಮೇಲೆ ಈರುಳ್ಳಿ ಹಾಕದ್ದನ್ನು ಕೇಳಿ ಪಡೆಯಬೇಕು. ಉತ್ತರ ಇಟಲಿಯ ಪೊಲೆಂಟಾ ಎಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಇಟಲಿಯ ಒಣ ಪಾಸ್ತಾ ಸಾಮಾನ್ಯವಾಗಿ ಗೋಧಿ ರವೆ ಮತ್ತು ನೀರು ಮಾತ್ರ. ತಾಜಾ ಪಾಸ್ತಾದಲ್ಲಿ ಹೆಚ್ಚಾಗಿ ಮೊಟ್ಟೆ ಇರುತ್ತದೆ. ಪಾರ್ಮಿಜಾನೋ ರೆಜಾನೋ ಎಂಬ ಪ್ರಸಿದ್ಧ ಚೀಸನ್ನು ಕರುವಿನ ರೆನೆಟ್ಟಿನಿಂದಲೇ ಮಾಡಬೇಕೆಂಬ ಕಟ್ಟಳೆ ಇದೆ. ಆದ್ದರಿಂದ ಅದು ನಮಗಲ್ಲ.

ಸ್ಪೇನಿನ ವೆಲೆನ್ಸಿಯಾದಲ್ಲಿ ಓರ್ಚಾತಾ ಎಂಬ ತಂಪು ಪಾನೀಯ ಬಾದಾಮಿ ಹಾಲಿನಂತೆ ಕಾಣುತ್ತದೆ. ಅದು ಪೂರ್ತಿ ಸಸ್ಯಜನ್ಯ, ಆದರೆ ಸಣ್ಣ ಗೆಡ್ಡೆಯೊಂದರಿಂದ ಮಾಡಿದ್ದು. ಬೆಲ್ಜಿಯಮ್ಮಿನ ಆಲೂಗಡ್ಡೆ ಫ್ರೈಗಳನ್ನು ಸಾಂಪ್ರದಾಯಿಕವಾಗಿ ಕರಿಯುವುದು ದನದ ಕೊಬ್ಬಿನಲ್ಲಿ. ಆಲೂಗಡ್ಡೆ ತಿನ್ನುವ ಜೈನ ಮನೆಯವರೂ ಇಲ್ಲಿ ಜಾಗ್ರತೆ ಇರಬೇಕು.

ಹಿರಿಯರ ಆಕ್ಷೇಪ, ಸಮಾಜದ ಕೆಲಸ

'ಒಮ್ಮೆ ಹೊರಗಿನ ರುಚಿ ಹತ್ತಿದರೆ ಮಗು ಜಾರುತ್ತದೆ' ಎನ್ನುವವರಿದ್ದಾರೆ. ಅವರ ಆತಂಕ ಸುಳ್ಳಲ್ಲ. ಒಂದೇ ಕರಿಯುವ ಎಣ್ಣೆ, ಒಂದೇ ಚಾಕು, ಒಂದೇ ಫ್ರಿಜ್ ಎಂಬ ಪ್ರಶ್ನೆಗಳು ನಿಜವಾದವು. ಆದರೆ ನಾನು ಕಂಡ ಮಟ್ಟಿಗೆ ಮಕ್ಕಳು ಜಾರುವುದು ರುಚಿಗಿಂತ ಹಸಿವಿನಿಂದ, ಸಂಕೋಚದಿಂದ. ಮೆನ್ಸಾದ ಸಾಲಿನಲ್ಲಿ ಹಿಂದೆ ಹತ್ತು ಜನ ನಿಂತಿರುವಾಗ ತನಗೆ ಬೇಕಾದ್ದನ್ನು ಎರಡು ಜರ್ಮನ್ ವಾಕ್ಯದಲ್ಲಿ ಕೇಳಬಲ್ಲ ಹುಡುಗಿ ಜಾರುವುದಿಲ್ಲ.

ಆದ್ದರಿಂದ ಕೆಲವು ಸಲಹೆ. ಮೊದಲನೆಯದು ಮನೆಯವರಿಗೆ. ಎಲ್ಲರ ಮನೆಯ ನಿಯಮ ಒಂದೇ ಅಲ್ಲ. ಕೆಲವರು ಕಂದಮೂಲವನ್ನು ಸದಾ ಬಿಟ್ಟವರು, ಕೆಲವರು ಚಾತುರ್ಮಾಸದಲ್ಲಿ, ಅಷ್ಟಮಿ-ಚತುರ್ದಶಿಗೆ ಬಿಡುವವರು. ಯಾವುದು ಎಂದೆಂದಿಗೂ ಇಲ್ಲ, ಯಾವುದು ಪರ್ವ ದಿನಗಳಲ್ಲಿ ಇಲ್ಲ, ಯಾವುದರಲ್ಲಿ ಸಂದರ್ಭ ನೋಡಿ ನಡೆಯಬಹುದು ಎಂದು ಹೊರಡುವ ಮುನ್ನ ಮಗುವಿನ ಜೊತೆ ಕೂತು ಬರೆದುಕೊಳ್ಳಿ. ಪಟ್ಟಿ ಮಗುವಿನದೂ ಆಗಿರಲಿ. ಬರೀ ನಿಮ್ಮ ಆಜ್ಞೆಯಾದರೆ ಉಳಿಯುವುದಿಲ್ಲ.

ಎರಡನೆಯದು ಅಡುಗೆ. ಗಂಡುಮಕ್ಕಳಿಗೂ ಸೇರಿಸಿ, ಈರುಳ್ಳಿ ಇಲ್ಲದ ಹತ್ತು ಅಡುಗೆ ಕೈಗೆ ಹತ್ತುವಂತೆ ಕಲಿಸಿ. ಅಲ್ಲಿಯ ತರಕಾರಿಯಲ್ಲಿ ಮಾಡಲು ಬರುವಂಥವಿರಲಿ. ಹಾಸ್ಟೆಲ್ಲಿನ ಅಡುಗೆಮನೆ ಹತ್ತು ದೇಶದವರದ್ದು. ನಮ್ಮ ಹುಡುಗ ತನ್ನ ಬೇಳೆ ಸಾರನ್ನು ಹಂಚಿದರೆ, ಮರುವಾರ ಅವರು ಅವನಿಗಾಗಿಯೇ ಈರುಳ್ಳಿ ಬಿಟ್ಟು ಮಾಡುವವರಿದ್ದಾರೆ.

ಮೂರನೆಯದು ಸಮಾಜದ ಸಂಘಟನೆಗಳಿಗೆ. ಪ್ರತಿ ಬೇಸಗೆಯಲ್ಲಿ ವಿದ್ಯಾರ್ಥಿಗಳನ್ನು ಸನ್ಮಾನಿಸಿ ಶಾಲು ಹೊದಿಸುತ್ತೇವೆ. ಅದೇ ದಿನ ಎರಡು ತಾಸು, ಈಗಾಗಲೇ ಅಲ್ಲಿ ಓದುತ್ತಿರುವ ಮಕ್ಕಳನ್ನು ವಿಡಿಯೋ ಕರೆಯಲ್ಲಿ ಕೂರಿಸಿ ಹೊಸಬರಿಗೆ ಹೇಳಿಸಿದರೆ ಶಾಲಿಗಿಂತ ಹೆಚ್ಚು ಉಪಯೋಗ. ಯಾವ ಊರಿನಲ್ಲಿ ಯಾವ ಅಂಗಡಿ, ಯಾವ ಬೇಕರಿಯ ಬ್ರೆಡ್ಡು, ಯಾವ ಮೆನ್ಸಾದಲ್ಲಿ ಏನು ಎಂದು ಅವರೇ ಪಟ್ಟಿ ಮಾಡಿ, ವರ್ಷ ವರ್ಷ ತಿದ್ದಿದರೆ ಮುಂದೆ ಹೋಗುವವರಿಗೆ ಅದು ಸವೆಯದ ಬುತ್ತಿ.

ಕೊನೆಯದು ಫೋನಿನ ಮಾತು. ವಾರಕ್ಕೊಮ್ಮೆ ಮಾತಾಡುವಾಗ 'ತಪ್ಪೇನೂ ತಿನ್ನಲಿಲ್ಲ ತಾನೇ' ಎಂದು ಪೊಲೀಸರಂತೆ ಕೇಳಿದರೆ ಮಗು 'ಇಲ್ಲ' ಎಂದಷ್ಟೇ ಹೇಳಿ ಮುಗಿಸುತ್ತದೆ. 'ಈ ವಾರ ಅಲ್ಲಿಯದು ಏನು ಹೊಸದು ತಿಂದೆ, ಹೇಗಿತ್ತು, ಏನೇನು ಹಾಕಿ ಮಾಡುತ್ತಾರೆ' ಎಂದು ಕೇಳಿ ನೋಡಿ. ಮಗು ಎಲ್ಲವನ್ನೂ ಹೇಳುತ್ತದೆ. ಎಲ್ಲಿ ಅನುಮಾನ ಬಂತು, ಯಾರನ್ನು ಕೇಳಿದೆ, ಯಾವುದನ್ನು ಬಿಟ್ಟೆ ಎಂಬುದೂ ಆ ಮಾತಿನಲ್ಲೇ ಬರುತ್ತದೆ.